ತೊಳೆದು ಕಳಿಸಿದ ಡಬ್ಬ

ಕೊಳ್ಳೇಗಾಲ
9 ಸೆಪ್ಟೆಂಬರ್ 2024

ಅತ್ತೆಯವರಿಗೆ ನಮಸ್ಕಾರ.

ಫೋನಿನಲ್ಲಿ ಮಾತಾಡಿದರೆ ನಿಮಗೆ ಕೇಳಿಸುವುದಿಲ್ಲ. ಕಿವಿಯ ಮೆಷೀನು ಕುಯ್ಯೋ ಅನ್ನುತ್ತದೆಂದು ಅದನ್ನು ಅಕ್ಕಿ ಪಾತ್ರೆಯಲ್ಲಿ ಹೂತಿಟ್ಟಿದ್ದೀರಂತೆ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಕನ್ನಡ ಅಕ್ಷರ ಇಂಗ್ಲಿಷ್ ಮೀಡಿಯಂ ಮಕ್ಕಳದ್ದು, ದಪ್ಪ ದಪ್ಪ. ನಿಮ್ಮ ಕನ್ನಡಕಕ್ಕೆ ಅದೇ ಅನುಕೂಲವಾಗಬಹುದು.

ನೀವು ಕಳಿಸಿದ ಡಬ್ಬ ಸಿಕ್ಕಿತು. ಕಂಡಕ್ಟರ್ ಶಂಕರ್ ಬಸ್ಸಿನಿಂದ ಇಳಿದು ನಾನು ಕೆಲಸ ಮಾಡುವ ಲ್ಯಾಬಿನ ಬಾಗಿಲಿಗೇ ಬಂದ. "ಮೇಡಮ್ಮಾರೆ, ಒನ್ನೂರಿಂದ ನಿಮ್ಮತ್ತೆ ಕೊಟ್ಟವ್ರೆ. ಎಣ್ಣೆ ಸುರೀತಾ ಅದೆ, ನೆಟ್ಟಗೆ ಇಡ್ಕಳಿ" ಅಂದ. ರಕ್ತಪರೀಕ್ಷೆಗೆ ಕುಳಿತಿದ್ದವರೆಲ್ಲ ನನ್ನ ಕೈಯನ್ನೇ ನೋಡಿದರು. ಮುಚ್ಚಳದ ಮೇಲೆ ಮಾವನವರ ಹೆಸರು, 'ಸದಾಶಿವಪ್ಪ, ಹೊನ್ನೂರು' ಅಂತ ಚುಕ್ಕಿ ಚುಕ್ಕಿಯಾಗಿ ಹೊಡೆಸಿದ್ದು. ಒಳಗೆ ಹೆರಳೆಕಾಯಿ ಉಪ್ಪಿನಕಾಯಿ. ಒಂದು ಚೀಟಿಯೂ ಇರಲಿಲ್ಲ.

ಹನೂರಿನ ಮನೆ ಬಿಟ್ಟು ನಾನು ಇಲ್ಲಿ ಬಾಡಿಗೆಗೆ ಬಂದು ಒಂದೂವರೆ ವರ್ಷವಾಯಿತು. ನಿಮ್ಮ ಮಗ ಅದೇ ಮನೆಯಲ್ಲಿದ್ದಾರೆ. ಅವರು ಅಲ್ಲಿ ಒಂಟಿಯಾಗಿಲ್ಲ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. ಅದನ್ನು ಬರೆಯುವುದಿಲ್ಲ. ಇಬ್ಬರೂ ಒಪ್ಪಿ ಅರ್ಜಿ ಹಾಕಿದ್ದೇವೆ, ನವೆಂಬರಿನಲ್ಲಿ ಕೋರ್ಟು ಮುಗಿಸುತ್ತದಂತೆ. ಆಮೇಲೆ ನಾನು ನಿಮಗೆ ಏನಾಗುತ್ತೇನೆ ಎಂದು ಲಾಯರನ್ನು ಕೇಳಲಿಲ್ಲ. ಅವರ ಹತ್ತಿರ ಅದಕ್ಕೆ ಕಲಮು ಇರಲಾರದು. ಗಂಡನನ್ನು ಕಳೆದುಕೊಳ್ಳುವುದಕ್ಕೆ ನಾನು ತಯಾರಾಗಿದ್ದೇನೆ ಅತ್ತೆ. ನಿಮ್ಮನ್ನು ಕಳೆದುಕೊಳ್ಳುವುದಕ್ಕೆ ಇನ್ನೂ ಆಗಿಲ್ಲ. ಅಷ್ಟರಲ್ಲಿ ಈ ಡಬ್ಬ ಬಂತು.

ಬಂದ ಡಬ್ಬವನ್ನು ಬರಿದಾಗಿ ಹಿಂದಕ್ಕೆ ಕೊಡಬಾರದು. ಮದುವೆಯಾದ ಹೊಸತರಲ್ಲಿ ಪಕ್ಕದ ಮನೆಯವರ ಪಾಯಸದ ಪಾತ್ರೆಯನ್ನು ತೊಳೆದು ಹಾಗೇ ಕೊಟ್ಟುಬಂದಿದ್ದೆ. "ಏನಮ್ಮಿ, ಅವ್ರ ಮನೆ ಬಾಗ್ಲ ಮುಚ್ಚಿ ಬಂದ್ಯಾ? ಓಗು, ಒಂದ್ ಇಡಿ ಸಕ್ಕರೆನಾರ ಆಕ್ಕೊಟ್ಟು ಬಾ" ಅಂತ ಅಟ್ಟಿದ್ದಿರಿ. ಅಂದಿನಿಂದ ತಪ್ಪಿಲ್ಲ. ಒಂದು ಮಾತ್ರ ನನಗೆ ಅರ್ಥವಾಗಿರಲಿಲ್ಲ. ಮಾವನವರ ತಂಗಿ, ಅಗರದ ಗುರುಸಿದ್ದಮ್ಮನವರು ಏನಾದರೂ ತಂದರೆ ಅವರ ಡಬ್ಬವನ್ನು ನೀವು ತೊಳೆದು ಬರಿದೇ ಕೊಡುತ್ತಿದ್ದಿರಿ. ಅವರೂ ಚೀಲಕ್ಕೆ ತುರುಕಿಕೊಂಡು ಹೋಗುತ್ತಿದ್ದರು. ನಿಮಗಿಬ್ಬರಿಗೂ ಒಳಗೊಳಗೇ ಏನೋ ಇದೆ ಅಂದುಕೊಂಡಿದ್ದೆ. ಇತ್ತೆ?

ಡಬ್ಬದಲ್ಲಿ ಒಂದು ಹಿಡಿ ಸಕ್ಕರೆ ಇದೆ. ಮೇಲಿರುವುದು ಹೀರೆಕಾಯಿಯ ನಾರು. ಮನೆಯ ಬೇಲಿಯಲ್ಲಿ ಯಾರೂ ಕೀಳದೆ ಬಲಿತು ಒಣಗಿ ನಿಂತಿದ್ದವು. ಸಿಪ್ಪೆ ತೆಗೆದು, ಬೀಜ ಉದುರಿಸಿ, ಬಿಸಿನೀರಿನಲ್ಲಿ ತೊಳೆದು ತುಂಡು ಮಾಡಿದೆ. ಪಾತ್ರೆ ಉಜ್ಜಬಹುದು. ಭಾನುವಾರಗಳು ಬಹಳ ಉದ್ದವಾಗಿವೆ, ಕೈಗೆ ಏನಾದರೂ ಕೊಡಬೇಕು.

ಸೊಸೆ (ನವೆಂಬರಿನವರೆಗೆ)
ಸೌಮ್ಯ

❖

ಮಾದಪ್ಪನ ಪಾದವೇ ಗತಿ
ಹೊನ್ನೂರು, 18-9-24

ಸೌಮ್ಯಂಗೆ,

ಡಬ್ಬ ಬಂತು. ಸಕ್ಕರೆ ಬಂತು. ಈರೆಕಾಯಿ ನಾರಲ್ಲಿ ಬಾಣಲಿ ಉಜ್ಜಿ ನೋಡಿದೆ, ಚೆನ್ನಾಗದೆ. ಅಷ್ಟೆಲ್ಲಾ ಓದಿ ಕಡೆಗೆ ಈರೆಕಾಯಿ ಒಣಗ್ಸಾಕೆ ಬಂದ್ಯಲ್ಲ ಅಂತ ನಗೂ ಬಂತು. ಬೇಜಾರ್ ಮಾಡ್ಕಬ್ಯಾಡ. ನಮ್ಮವ್ವ ಇದ್ರಲ್ಲೇ ನಮ್ಮ ಬೆನ್ನ ಕಿತ್ತೋಗಂಗೆ ಉಜ್ಜೋಳು.

ನಾನು ಮಾತಾಡ್ದಂಗೇ ಬರಿಯೋದು. ನಿನ್ನಂಗೆ ಪುಸ್ತಕದ ಮಾತು ಬರಲ್ಲ.

ಬೆಟ್ಟದಿಂದ ಬಂದೋರು ಮಾಕಳಿ ಬೇರು ಕೊಟ್ರು. ಅರ್ಧ ನಿಂಗೆ ಕಳ್ಸಿವ್ನಿ, ಉಪ್ಪಿನಕಾಯಿ ನೀನೇ ಮಾಡು. ರಾತ್ರಿ ನೀರಲ್ಲಿ ನೆನ್ಯಾಕು. ಬೆಳಿಗ್ಗೆ ಸಿಪ್ಪೆ ಎರಿ. ಕಲ್ಲಲ್ಲಿ ಜಜ್ಜಿ ನಡುವೆ ಇರೋ ಕಡ್ಡಿ ಕಿತ್ತು ಬಿಸಾಕು. ಚೂರು ಮಾಡಿ ಉಪ್ಪು, ನಿಂಬೆಉಳೀಲಿ ಮಡಗು. ಆಮ್ಯಾಲೆ ಸಾಸಿವೆ, ಮೆಣಸಿನಕಾಯಿ, ಅರಿಶಿನ ರುಬ್ಬಿ ಗಟ್ಟಿ ಉಳಿಮಜ್ಜಿಗೆಗೆ ಕಲಸಿ ಅದ್ರಲ್ಲಿ ಮುಳುಗ್ಸು. ತಿಗಣೆ ವಾಸ್ನೆ ಬರ್ತದೆ. ಕೆಟ್ಟೋಯ್ತು ಅಂತ ಚೆಲ್ಬುಟ್ಟೀಯೆ, ಅದರ ಗುಣವೇ ಅಂಗೆ. ಒಂದ್ ತಿಂಗಳು ತಡಿ. ತಡ್ಕಂಡೋರಿಗೆ ಮಾಕಳಿ.

ಕೋರ್ಟಿಂದು ನಂಗೆ ಬರೀಬ್ಯಾಡ. ತಲೆ ತಿರುಗ್ತದೆ.

ಚನ್ನಾಜಮ್ಮ

❖

ಕೊಳ್ಳೇಗಾಲ
30 ಸೆಪ್ಟೆಂಬರ್ 2024

ಅತ್ತೆಯವರಿಗೆ,

ಮಾಕಳಿ ಬೇರು ಬಂದ ದಿನ ಬಸ್ಸಿನಲ್ಲಿ ದೊಡ್ಡ ರಾದ್ಧಾಂತವಾಯಿತಂತೆ. ಶಂಕರ್ ಡಬ್ಬವನ್ನು ಕೈ ಚಾಚಿ ದೂರ ಹಿಡಿದುಕೊಂಡೇ ಬಂದ. "ಏನ್ ಮೇಡಂ ಇದು? ಸೀಟಲ್ಲಿ ತಿಗಣೆ ಅವೆ ಅಂತ ಜನ ಎದ್ದು ನಿಂತ್ಬುಟ್ರು. ಯಳಂದೂರಲ್ಲಿ ಒಬ್ಳು ಟಿಕೆಟ್ ದುಡ್ಡು ವಾಪಸ್ ಕೊಡು ಅಂತ ಕೂತ್ಕಂಡ್ಲು. ನಿಮ್ಮತ್ತೆ ಡಬ್ಬ ಕಣಮ್ಮ ಅಂತ ನಾನೇಳಕ್ಕಾಯ್ತದಾ?" ನಾನು ಬಹಳ ದಿನದ ಮೇಲೆ ಜೋರಾಗಿ ನಕ್ಕೆ. ನಕ್ಕ ಮೇಲೆ ಸುಸ್ತಾಯಿತು. ನಗುವುದಕ್ಕೂ ಇಷ್ಟು ಶಕ್ತಿ ಬೇಕೆಂದು ಮರೆತೇಹೋಗಿತ್ತು.

ನೀವು ಹೇಳಿದ ಹಾಗೇ ಮಾಡಿದ್ದೇನೆ. ಕಡ್ಡಿ ಕೀಳುವುದರಲ್ಲಿ ಎರಡು ಸಂಜೆ ಹೋಯಿತು. ಜಾಡಿಯನ್ನು ಅಡುಗೆಮನೆಯಲ್ಲಿಟ್ಟರೆ ಮಲಗುವ ಕೋಣೆಗೂ ವಾಸನೆ ಬರುತ್ತದೆ. ಕೆಳಗಿನ ಮನೆಯ ಚಿಕ್ಕಮಾದಮ್ಮ ಬಾಗಿಲಲ್ಲಿ ಮೂಗು ಹಿಡಿದು ನಿಂತು, "ಏನಾರ ಸತ್ತೋಗಿದ್ಯಾ ನೋಡವ್ವ" ಅಂದರು. ಮಾಕಳಿ ಅಂದ ಕೂಡಲೇ, "ಅಯ್ಯೋ, ಆದಾಗ ನಂಗೊಂಚೂರು" ಅಂತ ಮೂಗು ಬಿಟ್ಟರು.

ಈ ಸಲ ಡಬ್ಬದಲ್ಲಿರುವುದು ತಿನ್ನುವುದಲ್ಲ. ಚಿಕ್ಕಮಾದಮ್ಮ ರೇಷ್ಮೆ ಮೊಟ್ಟೆ ತಯಾರಿಸುವಲ್ಲಿ ಕೂಲಿಗೆ ಹೋಗುತ್ತಾರೆ. ಚಿಟ್ಟೆ ತೂತು ಮಾಡಿಕೊಂಡು ಹೊರಬಂದ ಗೂಡು ನೂಲು ತೆಗೆಯಲು ಬರುವುದಿಲ್ಲ, ಬೇಕಾದರೆ ತಗೋ ಅಂತ ಒಂದು ಚೀಲ ಕೊಟ್ಟರು. ಗೂಡನ್ನು ಕತ್ತರಿಯಲ್ಲಿ ಎಸಳೆಸಳಾಗಿ ಕತ್ತರಿಸಿ, ಅರಿಶಿನದ ನೀರಿನಲ್ಲಿ ಕೆಲವನ್ನು, ಬೀಟ್‌ರೂಟ್ ನೀರಿನಲ್ಲಿ ಕೆಲವನ್ನು ಅದ್ದಿ, ಮಧ್ಯೆ ಮೆಣಸಿನ ಕಾಳು ಅಂಟಿಸಿ ಹೂವು ಮಾಡಿದೆ. ಪೋಣಿಸಿದರೆ ಹಾರ. ದಸರೆಗೆ ಮಾವನವರ ಫೋಟೋಗೆ ಹಾಕಿ. ಬೀಟ್‌ರೂಟಿನ ಬಣ್ಣ ನಾನಂದುಕೊಂಡಂತೆ ಗುಲಾಬಿಯಾಗಲಿಲ್ಲ, ಹಳೆ ಗಾಯದ ಬಣ್ಣ ಬಂದಿದೆ. ಅಂಥವನ್ನು ಹಿಂದಕ್ಕೆ ತಿರುಗಿಸಿ ಕಟ್ಟಿದ್ದೇನೆ.

ಇನ್ನೊಂದು. ನನ್ನ ಓರಗಿತ್ತಿ ಭವ್ಯ ಬಸುರಿ ಎಂದು ಶಂಕರ್ ಹೇಳಿದ. ಮದುವೆಯಾಗಿ ಇಷ್ಟು ವರ್ಷದ ಮೇಲೆ. ನೀವು ಬರೆದ ಕಾಗದವನ್ನು ಮತ್ತೆ ತೆಗೆದು ನೋಡಿದೆ, ಅದರಲ್ಲಿ ಈ ವಿಷಯ ಇರಲಿಲ್ಲ. ಯಾಕೆ ಬರೆಯಲಿಲ್ಲ ಎಂದು ಅರ್ಥವಾಗುತ್ತದೆ. ಅರ್ಥವಾಗುವುದರಿಂದ ಏನೂ ಕಡಿಮೆಯಾಗುವುದಿಲ್ಲ. ನನಗೆ ಸಂತೋಷವಾಗಿದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಆಗಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿಕೊಂಡೆ, ಆಗಲೂ ಆಗಿತ್ತು. ಮೊದಲ ಸಲಕ್ಕೂ ಎರಡನೇ ಸಲಕ್ಕೂ ನಡುವೆ ಏನಿತ್ತು ಎನ್ನುವುದನ್ನು ಹಾಗೇ ಬಿಡುತ್ತೇನೆ.

ಅವಳಿಗೆ ಏನು ತಿನ್ನುವ ಆಸೆ ಎಂದು ಕೇಳಿ ಬರೆಯಿರಿ.

ಸೌಮ್ಯ

❖

ಮಾದಪ್ಪನ ಪಾದವೇ ಗತಿ
ಹೊನ್ನೂರು, 6-10-24

ಸೌಮ್ಯಂಗೆ,

ಬರೀಬೇಕು ಅಂತಲೇ ಕೂತಿದ್ದೆ ಕಣಮ್ಮಿ. ಮಾಕಳಿ ಇಚಾರ ಬರ್ದು ಎದ್ಬುಟ್ಟೆ. ಕೈ ಬರ್ನಿಲ್ಲ.

ಆರ ನಿಮ್ಮ ಮಾವಂಗೆ ಆಕಿವ್ನಿ. ಬಾಡಲ್ಲ, ಇನ್ನು ಊವಿನ ಯೋಚ್ನೆ ಇಲ್ಲ. ನೋಡ್ದೋರೆಲ್ಲ ಎಲ್ಲಿ ತಕಂಡ್ರಿ ಅಂತಾರೆ. ನನ್ ಸೊಸೆ ಮಾಡಿದ್ದು ಅಂದೆ. ಯಾವ ಸೊಸೆ ಅಂತ ಒಬ್ಳು ಕೇಳಿದ್ಲು. ಕಿವಿ ಕೇಳಿಸ್ದಂಗೆ ಕೂತ್ಕಂಡೆ. ಕಿವುಡಿಂದ ಇಷ್ಟಾರ ಉಪಯೋಗ ಬ್ಯಾಡ್ವಾ?

ಭವ್ಯಂಗೆ ಬೂದುಗುಂಬಳದ ಅರಳು ಸಂಡಿಗೆ ಬೇಕಂತೆ. ಬ್ಯಾಸಿಗೇಲಿ ಮಾಡಿದ್ದು ಮುಗ್ದೋಯ್ತು. ಈ ಮಳೇಲಿ ಎಲ್ಲಿ ಒಣಗ್ಸಾದು. ಅಂಗಡೀದು ಒಲ್ಲೆ ಅಂತಾಳೆ. ಬಸ್ರಿ ಬಾಯಿ, ಏನ್ ಮಾಡದು.

ಡಬ್ಬದಲ್ಲಿ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ಅದೆ. ಇರುವೆ ಮುತ್ತಾವು, ಬೇಗ ತಿನ್ನು.

ಚನ್ನಾಜಮ್ಮ

❖

ಕೊಳ್ಳೇಗಾಲ
20 ಅಕ್ಟೋಬರ್ 2024

ಅತ್ತೆಯವರಿಗೆ,

ಭವ್ಯಳಿಗೆ ಹೇಳಿ, ಅವಳ ಅರಳು ಸಂಡಿಗೆ ಈ ಡಬ್ಬದಲ್ಲಿದೆ. ಮಳೆಗಾಲದ ಸಂಡಿಗೆ. ಇದನ್ನು ಮಾಡಿದ ರೀತಿ ಕೇಳಿದರೆ ನೀವು ಹಣೆ ಚಚ್ಚಿಕೊಳ್ಳುತ್ತೀರಿ.

ಬೂದುಗುಂಬಳ ದುಡ್ಡಿಲ್ಲದೆ ಸಿಕ್ಕಿತು. ಆಯುಧಪೂಜೆಗೆ ನಮ್ಮ ಲ್ಯಾಬಿನಲ್ಲಿ ಎರಡು ತಂದಿದ್ದರು, ಒಂದು ಬಾಗಿಲಿಗೆ, ಒಂದು ಸ್ಯಾಂಪಲ್ ತರುವ ವ್ಯಾನಿಗೆ. ವ್ಯಾನು ಕೆಟ್ಟು ಗ್ಯಾರೇಜಿನಲ್ಲೇ ಉಳಿಯಿತು. ಮೈಕ್ರೋಸ್ಕೋಪಿನ ಪಕ್ಕದಲ್ಲಿ ಕುಂಕುಮ ಹಚ್ಚಿಸಿಕೊಂಡು ಕುಳಿತಿದ್ದ ಕಾಯಿಯನ್ನು ಒಡೆಯುವವರೇ ಇರಲಿಲ್ಲ. ಅಟೆಂಡರ್ ನಾಗರಾಜುವನ್ನು ಕೇಳಿದೆ. "ಅದ್ರಲ್ಲಿ ದೃಷ್ಟಿ ಇಳಿ ತೆಗ್ದಿಲ್ಲ ಮೇಡಂ, ಸುಮ್ಕೆ ಪೂಜೇಲಿ ಮಡಗಿದ್ದು. ತಕಂಡೋಗಿ, ಇಲ್ದಿದ್ರೆ ನಾನೇ ರೋಡ್ಗೆ ಆಕ್ಬೇಕು" ಅಂದ. ಸ್ಕೂಟರಿನ ಮುಂದೆ ಮಗುವಿನ ಹಾಗೆ ಕೂರಿಸಿಕೊಂಡು ಬಂದು, ಕುಂಕುಮವನ್ನು ನಿಮ್ಮ ಹೀರೆಕಾಯಿ ನಾರಿನಲ್ಲೇ ಉಜ್ಜಿ ತೊಳೆದೆ. (ನಿಮ್ಮದಲ್ಲ, ನನ್ನದು. ಆದರೆ ಈಗ ಹೀರೆಕಾಯಿ ನಾರು ಅಂದರೆ ನೀವೇ ನೆನಪಾಗುತ್ತೀರಿ.)

ತುರಿದು, ಹಸಿಮೆಣಸಿನಕಾಯಿ, ಇಂಗು, ಉಪ್ಪು ರುಬ್ಬಿ ಹಾಕಿ, ಭತ್ತದ ಅರಳು ಬೆರೆಸಿ ಉಂಡೆ ಕಟ್ಟುವವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಮಳೆ. ಒಂದು ದಿನವೂ ಬಿಸಿಲಿಲ್ಲ. ಮೊದಲು ಫ್ಯಾನಿನ ಕೆಳಗೆ ಹರಡಿದೆ. ಹಾಗೇ ಹಸಿಯಾಗಿದ್ದವು. ಎರಡು ಹತ್ತಿ ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಮಾಡಿ ನೋಡಿದೆ. ನಗಬೇಡಿ. ನಾಲ್ಕು ಉಂಡೆ ಚಪ್ಪಟೆಯಾಗಿ ಬಟ್ಟೆಗೇ ಅಂಟಿದವು. ಕಡೆಗೆ ಫ್ರಿಜ್ಜಿನ ಹಿಂಭಾಗ ಬೆಚ್ಚಗಿರುತ್ತದೆ ಎಂದು ಹೊಳೆಯಿತು. ಫ್ರಿಜ್ಜನ್ನು ಮುಂದಕ್ಕೆ ಎಳೆದು, ಹಿಂದೆ ಸ್ಟೂಲಿನ ಮೇಲೆ ತಟ್ಟೆ ಇಟ್ಟು, ಪಕ್ಕದಿಂದ ಟೇಬಲ್ ಫ್ಯಾನು ಬಿಟ್ಟೆ. ಐದಾರು ದಿನ ಅಡುಗೆಮನೆಗೆ ಅಡ್ಡಡ್ಡ ನಡೆದು ಹೋಗಬೇಕಾಯಿತು. ಒಣಗಿದವು! ಒಂದನ್ನು ಕರಿದು ನೋಡಿದೆ, ಹೂವಿನ ಹಾಗೆ ಅರಳಿತು.

ದಿನವೂ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮುಂಚೆ ಅವುಗಳನ್ನು ತಿರುವಿ ಹಾಕುತ್ತಿದ್ದೆ. ಯಾರಿಗೋ ಏನೋ ಬೇಕಾಗಿದೆ, ಅದು ನನ್ನ ಕೈಯಲ್ಲಿ ಆಗುತ್ತಿದೆ ಅನ್ನಿಸುವುದು ಒಳ್ಳೆಯದು. ಅಷ್ಟೇ. ಹೆಚ್ಚೇನೂ ಇಲ್ಲ.

ಸೌಮ್ಯ

❖

ಕೊಳ್ಳೇಗಾಲ
29 ಅಕ್ಟೋಬರ್ 2024

ಅತ್ತೆಯವರಿಗೆ,

ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ನಿಮ್ಮ ಕೈಗೇ ಸಿಗುತ್ತದೋ ಇಲ್ಲವೋ ತಿಳಿಯದು.

ಮೈದುನ ಶಿವಕುಮಾರಸ್ವಾಮಿ ಫೋನ್ ಮಾಡಿದ್ದ. "ಅತ್ತಿಗೆ, ತಪ್ಪು ತಿಳ್ಕಬ್ಯಾಡಿ" ಎಂದು ಶುರು ಮಾಡಿದ. ಭವ್ಯ ಎರಡು ದಿನ ಸಂಡಿಗೆ ಆಸೆಯಾಗಿ ತಿಂದಳಂತೆ. ಮೂರನೇ ದಿನ ನೀವು ಕಿಟಕಿಯ ಮೇಲಿಟ್ಟಿದ್ದ ನನ್ನ ಕಾಗದವನ್ನು ಓದಿದಳಂತೆ. ಅವತ್ತೇ ಹೊಟ್ಟೆ ನೋವು ಬಂತು. "ಯಳಂದೂರಿಗೆ ಕರ್ಕಂಡೋಗಿ ತೋರಿಸ್ದೊ. ಮಗೀಗೆ ಏನೂ ಇಲ್ಲ ಅಂದ್ರು. ಆದ್ರೂ ಒಂದೇ ಸಮ ಅಳ್ತಾವಳೆ ಅತ್ತಿಗೆ. ದೃಷ್ಟಿಗೆ ತಂದ ಕಾಯಿ ತಿನ್ಸುಬುಟ್ರು ಅಂತಾಳೆ. ನಂಗೆ ಗೊತ್ತು ನೀವು ಅಂಥೋರಲ್ಲ. ಸದ್ಯಕ್ಕೆ ಏನೂ ಕಳಿಸ್ಬ್ಯಾಡಿ. ಕಾಗ್ದನೂವೆ." ಸರಿ ಅಂದೆ. ಅವನಿಗೆ ಸರಿ ಅಂದವಳು ನಿಮಗೆ ಬರೆಯುತ್ತಿದ್ದೇನೆ, ಇದು ಕೊನೆಯದಾದರೂ ಆಗಲಿ ಎಂದು.

ತರಕಾರಿ ಅಂದರೆ ತರಕಾರಿಯೇ ಎಂದು ಕಲಿತು ಬೆಳೆದವಳು ನಾನು. ಆದರೂ ಕುಂಕುಮ ತೊಳೆಯುವಾಗ ಒಂದು ಗಳಿಗೆ ಕೈ ನಿಂತಿತ್ತು ಅತ್ತೆ. ನನಗೋಸ್ಕರ ಮಾಡಿಕೊಳ್ಳುತ್ತಿದ್ದರೆ ನಿಲ್ಲುತ್ತಿರಲಿಲ್ಲ. ಭವ್ಯಳಿಗೆ ಎಂದು ಗೊತ್ತಿದ್ದರಿಂದ ನಿಂತಿತು. ಹಾಗಾದರೆ ನನ್ನೊಳಗೂ ಎಲ್ಲೋ ಆ ನಂಬಿಕೆ ಇದೆಯೇ? ಇದ್ದರೆ ಇನ್ನೊಂದು ಕಾಯಿ ಯಾಕೆ ಕೊಳ್ಳಲಿಲ್ಲ? ಇಲ್ಲದಿದ್ದರೆ ಕೈ ಯಾಕೆ ನಿಂತಿತು? ಮಳೆ ಬರುತ್ತಿತ್ತು, ಸುಸ್ತಾಗಿತ್ತು, ಕಾಯಿ ಎದುರಿಗಿತ್ತು. ಎಷ್ಟು ಸಲ ಕೇಳಿಕೊಂಡರೂ ಇಷ್ಟೇ ಉತ್ತರ ಬರುತ್ತದೆ.

ನಾಗರಾಜುವನ್ನೂ ಕೇಳಿದೆ. "ಇಳಿ ತೆಗ್ದಿಲ್ಲ ಅಂತ ಅವತ್ತೇ ಅಂದ್ನಲ್ಲ ಮೇಡಂ" ಅಂದ. ಆಮೇಲೆ ತಲೆ ಕೆರೆದುಕೊಂಡು, "ಆದ್ರೂ ನಮ್ ಮನೇಲಿ ಅದ ತಿನ್ನಲ್ಲಪ್ಪ" ಅಂದ. ಅದನ್ನು ಅವತ್ತೇ ಯಾಕೆ ಹೇಳಲಿಲ್ಲ ಮಾರಾಯ ಅಂದರೆ, "ನೀವು ತಿನ್ನಕ್ಕೆ ಅಂದ್ರಾ? ನಾನು ನಿಮ್ ಸ್ಕೂಟ್ರಿಗೆ ಒಡ್ಯಕ್ಕೆ ಅಂದ್ಕಂಡೆ" ಅನ್ನಬೇಕೆ!

ಕುಂಬಳಕಾಯಿಯೊಂದೇ ಆಗಿದ್ದರೆ ಭವ್ಯ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದಳು. ಅದನ್ನು ತುರಿದ ಕೈ ಯಾರದು ಎನ್ನುವುದೂ ಅವಳ ಅಳುವಿನಲ್ಲಿ ಸೇರಿದೆ. ಬೇರೆಯವರ ಮನೆಯ ಸೀಮಂತಗಳಲ್ಲಿ ನಾನಾಗಿಯೇ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ, ಯಾರೂ ಹೇಳುವ ಮುಂಚೆ. ನೀವು ಮಾತ್ರ ಅರಿಶಿನ ಕುಂಕುಮದ ತಟ್ಟೆಯನ್ನು ತಂದು ನನ್ನ ಕೈಗೇ ಕೊಡುತ್ತಿದ್ದಿರಿ. ಆಗಲೂ ನಾವು ಅದರ ಬಗ್ಗೆ ಮಾತಾಡಲಿಲ್ಲ.

ಭವ್ಯಳಿಗೆ ನನ್ನ ಮಾತು ಹೇಳಬೇಡಿ. ಮಲಗಿಕೊಳ್ಳಲಿ. ಡಬ್ಬ ಅಲ್ಲಿಯೇ ಇರಲಿ.

ಸೌಮ್ಯ

❖

ಕೊಳ್ಳೇಗಾಲ
12 ನವೆಂಬರ್ 2024

ಅತ್ತೆಯವರಿಗೆ,

ದೀಪಾವಳಿ ಕಳೆಯಿತು. ಬಸ್ಸು ಬರುವ ಹೊತ್ತಿಗೆ ಲ್ಯಾಬಿನ ಬಾಗಿಲ ಕಡೆ ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಶಂಕರ್ ಈಗ ದೂರದಿಂದಲೇ ಎರಡೂ ಕೈ ಎತ್ತಿ ಬರಿಗೈ ತೋರಿಸಿ ಹೋಗುತ್ತಾನೆ. ಮೊನ್ನೆ ಮಾತ್ರ ಹತ್ತಿರ ಬಂದು, "ನಿಮ್ಮತ್ತೆ ಬಸ್ ಸ್ಟಾಪ್ ಕಡೆ ಬರ್ನೇ ಇಲ್ಲ ಮೇಡಂ. ಉಸಾರಾಗವ್ರೆ, ಜಗಲೀಲಿ ಕೂತಿದ್ರು, ನೋಡ್ದೆ" ಅಂದ. ಅಷ್ಟಾದರೂ ಗೊತ್ತಾಯಿತು.

ಕೈ ಸುಮ್ಮನಿರುವುದಿಲ್ಲ. ಆಯುಧಪೂಜೆಯ ಚೆಂಡುಹೂವನ್ನೆಲ್ಲ ಒಣಗಿಸಿಟ್ಟಿದ್ದೆ. ನೀವು ಕಳಿಸಿದ ಉಪ್ಪಿನಕಾಯಿ ಮುಗಿದು ಎಣ್ಣೆಯಷ್ಟೇ ಉಳಿದಿದೆ, ಆದರೆ ಇಲ್ಲಿ ಸಂತೆಯಲ್ಲಿ ಹೆರಳೆಕಾಯಿ ಸಿಕ್ಕಿತು. ಅದರ ಸಿಪ್ಪೆ, ಬೇವಿನ ಎಲೆ, ಹೂವು ಎಲ್ಲವನ್ನೂ ಒಣಗಿಸಿ ಪುಡಿ ಮಾಡಿ, ಸಗಣಿಯಲ್ಲಿ ಕಲಸಿ, ಬಾಟಲಿಯ ಮುಚ್ಚಳದಲ್ಲಿ ಒತ್ತಿ ಬಿಲ್ಲೆ ಮಾಡಿದ್ದೇನೆ. ಹಚ್ಚಿದರೆ ಸೊಳ್ಳೆ ಬರುವುದಿಲ್ಲ ಎಂದುಕೊಂಡಿದ್ದೆ. ಸೊಳ್ಳೆ ಬಂದವು, ನಾನೇ ಕೆಮ್ಮಿ ಹೊರಗೆ ಬಂದೆ. ಹೆರಳೆ ಸಿಪ್ಪೆ ಜಾಸ್ತಿಯಾಗಿರಬೇಕು. ಇಂಥದ್ದನ್ನು ಹೇಳಿ ಬೈಸಿಕೊಳ್ಳುವುದಕ್ಕೆ ಯಾರೂ ಇಲ್ಲ. ನಿಮಗೆ ಬರೆಯುತ್ತಿದ್ದೇನೆ.

ಮಾಕಳಿ ಜಾಡಿಯನ್ನು ತೆರೆದೆ. ಒಂದು ತಿಂಗಳು ತಡಿ ಅಂದಿದ್ದಿರಿ, ಅದಕ್ಕೂ ಹೆಚ್ಚೇ ತಡೆದೆ. ಚೆನ್ನಾಗಿದೆ. ವಾಸನೆ ಹೋಗಿಲ್ಲ, ನನಗೇ ಒಗ್ಗಿದೆ. ಮೊಸರನ್ನದ ಜೊತೆ ತಿನ್ನುತ್ತಾ ಕುಳಿತಾಗ ಅನ್ನಿಸಿತು, ನಾನು ಇಷ್ಟೆಲ್ಲ ಮಾಡುತ್ತಿದ್ದದ್ದು ಹೊತ್ತು ಕಳೆಯುವುದಕ್ಕಲ್ಲ, ಡಬ್ಬ ತುಂಬುವುದಕ್ಕೆ. ತುಂಬಿದ ಡಬ್ಬ ಹೋದರೆ ತುಂಬಿದ ಡಬ್ಬ ಬರಲೇಬೇಕು, ನೀವು ಹಾಗೆ ಬೆಳೆದವರು. ನಿಮ್ಮ ಆ ಪದ್ಧತಿಯನ್ನು ಹಿಡಿದು ನಾನು ನಿಮ್ಮನ್ನು ಕಟ್ಟಿಹಾಕಿದ್ದೆನೇ? ನಿಮಗೆ ನಿಜವಾಗಿ ಬರೆಯಬೇಕಿತ್ತೋ ಅಥವಾ ಡಬ್ಬ ಬರಿದು ಕಳಿಸಲಾರದೆ ಬರೆಯುತ್ತಿದ್ದಿರೋ?

ಉತ್ತರ ಬೇಡ. ಹೆದರಿಕೆಯಾಗುತ್ತದೆ.

ಸೌಮ್ಯ

❖

ಕೊಳ್ಳೇಗಾಲ
22 ನವೆಂಬರ್ 2024

ಅತ್ತೆಯವರಿಗೆ,

ಕೋರ್ಟಿನದು ಬರೆಯಬೇಡ ಅಂದಿದ್ದಿರಿ. ನಿನ್ನೆ ಮುಗಿಯಿತು, ಇಷ್ಟೇ ಬರೆಯುತ್ತೇನೆ. ಕಾದದ್ದು ಬೆಳಗಿನಿಂದ, ಆದದ್ದು ಗಳಿಗೆಯಲ್ಲಿ. ಹೊರಗೆ ಬಂದಾಗ ಬಿಸಿಲಿತ್ತು. ಸಂಡಿಗೆ ಒಣಗಿಸುವಂಥ ಬಿಸಿಲು.

ನಿಮ್ಮ ಮಗ ಹುಣಿಸೆಮರದ ಕೆಳಗೆ ನಿಂತಿದ್ದರು. ಬಹಳ ಇಳಿದುಹೋಗಿದ್ದಾರೆ.

"ಕಾಫಿ ಕುಡ್ದು ಓಗಾನ ಬಾ" ಅಂದರು.

"ಲ್ಯಾಬಿದೆ" ಅಂದೆ.

ಜೇಬಿನಿಂದ ಕೀ ತೆಗೆದರು. ಆಮೇಲೆ ಕೇಳಿದರು, "ಅವ್ವ ನಿಂಗೆ ಎರಳೆಕಾಯಿ ಉಪ್ಪಿನಕಾಯಿ ಕಳಿಸ್ತಾ?"

ಹೌದು ಅಂದೆ.

"ನಂಗೆ ಈ ಸಲ ಕಳಿಸ್ನಿಲ್ಲ" ಅಂದರು. ಸಿಟ್ಟೇನೂ ಇರಲಿಲ್ಲ ದನಿಯಲ್ಲಿ. ಮಕ್ಕಳು ಹೇಳುವ ಹಾಗೆ ಹೇಳಿ, ಬೈಕಿನ ಕಡೆ ಹೋದರು.

ನಾನು ಲ್ಯಾಬಿಗೆ ಹೋಗಲಿಲ್ಲ. ಮನೆಗೆ ಬಂದು ಫ್ರಿಜ್ಜನ್ನು ಗೋಡೆಗೆ ತಳ್ಳಿದೆ. ಸಂಡಿಗೆ ಮಾಡಿದಾಗಿನಿಂದ ಅದು ಮುಂದಕ್ಕೇ ಇತ್ತು.

ಅವರಿಗೂ ಒಂದಿಷ್ಟು ಕಳಿಸಿಬಿಡಿ ಅತ್ತೆ.

ಈಗ ಏನೆಂದು ಸಹಿ ಹಾಕಬೇಕು ಗೊತ್ತಿಲ್ಲ.

ಸೌಮ್ಯ

❖

ಮಾದಪ್ಪನ ಪಾದವೇ ಗತಿ
ಹೊನ್ನೂರು, 1-12-24

ಸೌಮ್ಯಂಗೆ,

ನಿನ್ನ ಮೂರ್ ಕಾಗ್ದವೂ ಬಂದೊ. ಶಿವಕುಮಾರನೇ ತಂದ್ಕೊಟ್ಟ, ಬಚ್ಚಿಡ್ನಿಲ್ಲ. ನಾನೇ ಬರೀನಿಲ್ಲ. ಮನೇಲಿ ಒಬ್ಳು ಅಳ್ತಾ ಕೂತಿರಾಗ ಇನ್ನೊಬ್ಳಿಗೆ ಕಾಗ್ದ ಬರ್ಯಕ್ಕೆ ಆಯ್ತದಾ? ನೀನೇ ಏಳು.

ಭವ್ಯ ಉಸಾರಾಗವಳೆ. ಹೊಟ್ಟೆ ಕಾಣ್ತದೆ ಈಗ. ಅವಳ ಮ್ಯಾಲೆ ಕ್ವಾಪ ಮಡಿಕಬ್ಯಾಡ. ಅಷ್ಟು ವರ್ಷ ಕಾದೋಳು, ತನ್ ನೆರಳು ಕಂಡ್ರೂ ಎದ್ರುಕತಾಳೆ. ಅದು ಎಂಗಿರ್ತದೆ ಅಂತ ನಿಂಗೆ ಬಿಡಿಸಿ ಏಳ್ಬೇಕಾಗಿಲ್ಲ. ಸೀಮಂತಕ್ಕೆ ಬಾ ಅಂತ ನಾನು ಕರಿಯಲ್ಲ, ಅವಳು ಕರೀಬೇಕು. ಮೊನ್ನೆ ನಿನ್ನ ಗೂಡಿನ ಆರದ ಧೂಳ ಅವಳೇ ಒರೆಸ್ತಿದ್ಲು. ನಾನು ನೋಡ್ದಂಗೆ ಇದ್ದೆ.

ಸಂಡಿಗೆ ಎಸೀನಿಲ್ಲ. ಎಸಿ ಅಂದ್ಲು ಅವಳು. ಎಸ್ದೆ ಅಂದೆ. ದಿನಾ ಮದ್ಯಾನ ಅವಳು ಮಲೀಕಂಡಾಗ ನಾಲ್ಕ್ ನಾಲ್ಕು ಕರ್ಕಂಡು ನಾನೊಬ್ಳೇ ತಿಂದೆ. ಅದ್ರಲ್ಲಿ ದೃಷ್ಟಿ ಇದ್ರೆ ನಂಗೇ ತಗುಲ್ಲಿ. ಈ ವಯಸ್ಸಲ್ಲಿ ನನ್ ಮ್ಯಾಲೆ ಯಾರ ಕಣ್ಣು ಬೀಳ್ತದಮ್ಮಿ? ಉಪ್ಪು ಒಂಚೂರು ಮುಂದು. ಮಿಕ್ಕಂಗೆ ನನ್ನ ಬ್ಯಾಸಿಗೆ ಸಂಡಿಗೇನ ಮೀರ್ಸದೆ. ಫ್ರಿಜ್ಜಿನ ಇಂದೆ ಒಣಗ್ಸಿದ್ದು ಅಂತ ಯಾರ್ಗೂ ಏಳಬ್ಯಾಡ, ಮರ್ವಾದೆ ಓಯ್ತದೆ.

ಎಲ್ಲಾ ಮುಗೀತು. ಡಬ್ಬ ತೊಳ್ದು ಕಳ್ಸಿವ್ನಿ. ಒಳಗೆ ಈ ಕಾಗ್ದ ಬುಟ್ರೆ ಏನಿಲ್ಲ, ಉಡುಕಬ್ಯಾಡ. ಅಗರದ ಗುರುಸಿದ್ದಿ ಡಬ್ಬನ ಯಾಕೆ ಬರಿದೇ ಕೊಡ್ತಿದ್ರಿ ಅಂತ ಕೇಳಿದ್ಯಲ್ಲ. ಜಗಳ ಎಂತದೂ ಇರ್ನಿಲ್ಲ. ಅವಳು ಈ ಮನೇಲಿ ಉಟ್ಟೋಳು. ತುಂಬಿ ಕೊಡೋದು ನೆರೆಹೊರೆಗೆ, ಬೀಗರಿಗೆ. ಮಗಳಿಗೆಂತದು ಉಪಚಾರ?

ಇಷ್ಟು ದಿನ ನಿಂಗೆ ತುಂಬಿ ಕಳಿಸ್ತಿದ್ದೆ. ಎಲ್ಲಿ ಬುಟ್ಬುಡ್ತೀಯೋ ಅಂತ ಎದ್ರಿಕೆ ಇತ್ತು. ಕೋರ್ಟೋರು ಏನ್ ಬರ್ಕಂಡ್ರೋ ಬರ್ಕಳ್ಳಿ.

ನನ್ ಮಗ ಗುರುಗೆ ಉಪ್ಪಿನಕಾಯಿ ಕಳಿಸಲ್ಲ. ಮುಂದಿನ ಸಲ ನೋಡಾನ.

ಚನ್ನಾಜಮ್ಮ

❖

ಕೊಳ್ಳೇಗಾಲ
3 ಡಿಸೆಂಬರ್ 2024

ಅತ್ತೆ,

ಡಬ್ಬ ಬಂತು. ಶಂಕರ್ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಕೊಡಲೋ ಬೇಡವೋ ಎಂದು ನಿಂತಿದ್ದ. "ಬರೀ ಡಬ್ಬ ಮೇಡಂ. ನಿಮ್ಮತ್ತೆಗೆ ಕ್ವಾಪ ಬಂದದಾ?" ಅಂದ. ಇಲ್ಲ ಅಂದೆ. ಬಿಡಿಸಿ ಹೇಳೋಣವೆಂದರೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ.

ನಾಳೆ ಅವನ ಕೈಯಲ್ಲೇ ಡಬ್ಬ ಕೊಟ್ಟು ಕಳಿಸುತ್ತೇನೆ. ಮಾಕಳಿ ತುಂಬೋಣವೆಂದು ಜಾಡಿಯನ್ನು ಕೆಳಗಿಳಿಸಿದ್ದೆ, ಮತ್ತೆ ಮೇಲಿಟ್ಟೆ.

ತೊಳೆದಿದ್ದೇನೆ. ಒಳಗೆ ಏನೂ ಇಲ್ಲ.

ಸೌಮ್ಯ